ಮಗಳ ಹೆಸರಿನ ಒಂದು ಅಕ್ಷರ

ಗಂಡ ಹೆಂಡತಿ ಇಬ್ಬರೂ ಆರು ವಾರದ ಮಗುವನ್ನು ಎತ್ತಿಕೊಂಡು ನನ್ನ ಬಳಿ ಸಲಹೆ ಕೇಳಲು ಬಂದಿದ್ದರು. ಹೆಸರು ಇನ್ನೂ ದಾಖಲಾಗಿರಲಿಲ್ಲ. ಇವರ ಗುರುತು ಸಿಗಬಾರದೆಂದು ಮಗುವಿನ ಹೆಸರನ್ನೂ ಬದಲಿಸಿದ್ದೇನೆ, ತೊಡಕು ಮಾತ್ರ ಅದೇ ಥರದ್ದು. ಇಲ್ಲಿ ಅವಳನ್ನು ಇಳಾ ಅನ್ನೋಣ.

ಹೆಂಡತಿಯ ಮಾತೃಭಾಷೆ ಕನ್ನಡ. ಗಂಡನದು ಹಿಂದಿ, ಕನ್ನಡ ಚೆನ್ನಾಗಿಯೇ ಮಾತಾಡುತ್ತಾರೆ. ಆದರೆ ರೂಢಿಯ ಹಿಂದಿಯಲ್ಲಿ 'ಳ' ಇಲ್ಲ. ಅವರ ಬಾಯಲ್ಲಿ ಬರುತ್ತಿದ್ದದ್ದು 'ಇಲಾ'. ಹೆಂಡತಿ ಪ್ರತಿ ಸಲವೂ ತಿದ್ದುತ್ತಿದ್ದರು. ಒಮ್ಮೆ ನೆಂಟರ ಮುಂದೆ ತಿದ್ದಿದಾಗ ಎಲ್ಲರೂ ನಕ್ಕರು. ಅಂದಿನಿಂದ ಗಂಡ ಮಗುವನ್ನು ಹೆಸರಿಟ್ಟು ಕರೆಯುವುದನ್ನೇ ಬಿಟ್ಟಿದ್ದರು, ಈ ಹೆಸರೇ ಬೇಡ ಅನ್ನುತ್ತಿದ್ದರು.

ಮೊದಲ ಅರ್ಧ ಗಂಟೆ ಹೋಗಿದ್ದು ಬರೀ ಪಟ್ಟಿಗಳಲ್ಲಿ. ಹೆಸರು ಎಷ್ಟು ಅಪರೂಪದ್ದೆಂದು ನೋಡಲು ಹೆಂಡತಿ ಹೊರದೇಶಗಳ ಹೆಸರಿನ ಪಟ್ಟಿಗಳನ್ನು ಫೋನಿನಲ್ಲಿ ಹುಡುಕಿ ಇಟ್ಟುಕೊಂಡಿದ್ದರು. ಶಾಲೆಯಲ್ಲಿ ಅವರದೇ ಹೆಸರಿನ ಮೂವರಿದ್ದರಂತೆ, ಇವರನ್ನು ಬರೀ ಇನಿಷಿಯಲ್ ಹಿಡಿದು ಕರೆಯುತ್ತಿದ್ದರಂತೆ. "ನನ್ನ ಮಗಳಿಗೆ ಹಾಗಾಗಬಾರದು" ಅಂದರು. ಆ ಆಸೆ ನನಗೆ ಅರ್ಥವಾಯಿತು. ಆದರೆ ಪಟ್ಟಿ ನೋಡುವಾಗ ಒಂದು ವಿಷಯ ಗೊತ್ತಿರಬೇಕು. ಅಮೆರಿಕ ಸರ್ಕಾರದ ಹೆಸರಿನ ಪಟ್ಟಿ ಒಂದೊಂದು ಸ್ಪೆಲಿಂಗನ್ನೂ ಬೇರೆ ಹೆಸರೆಂದು ಎಣಿಸುತ್ತದೆ. ಒಂದು ವರ್ಷದಲ್ಲಿ 5ಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರನ್ನು ತೋರಿಸುವುದೇ ಇಲ್ಲ. ಕಿವಿಗೆ ಒಂದೇ ಥರ ಕೇಳುವ ಹೆಸರುಗಳು ಹೀಗೆ ಚದುರಿಹೋಗಿ, ಪ್ರತಿಯೊಂದೂ ಅಪರೂಪದ್ದೆಂದು ಕಾಣುತ್ತದೆ. ಇನ್ನೊಂದು, 'ಐಲಾ' (Isla) ಎಂಬ ಹೆಸರು 2021ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಹೆಣ್ಣುಮಕ್ಕಳ ಪಟ್ಟಿಯಲ್ಲಿ ಮೂರನೆಯದು. ಇಳಾ ಎಂದು ಇಂಗ್ಲಿಷಿನಲ್ಲಿ (Ila) ಬರೆದರೆ ಅಲ್ಲಿನವರು 'ಐಲಾ' ಎಂದೇ ಓದುವುದು ಹೆಚ್ಚು.

ಬಿಳಿ ಹಾಳೆಯಲ್ಲಿ ಬರೆದು ತೋರಿಸಿದೆ. ಕೆಲವು ಅಚ್ಚಿನಲ್ಲಿ ದೊಡ್ಡ 'ಐ', ಚಿಕ್ಕ 'ಎಲ್' ಎರಡೂ ಒಂದೇ ಗೀಟು. ಎರಡು ಗೀಟು, ಒಂದು 'ಎ'. ಮೊದಲ ಸಲ ನೋಡಿದವರು ತಡವರಿಸದೆ ಇರುತ್ತಾರಾ? ಯಾವ ಸ್ಪೆಲಿಂಗೂ 'ಳ'ವನ್ನು ಹಿಡಿಯುವುದಿಲ್ಲ. ಆದ್ದರಿಂದ ಒಂದನ್ನು ಆರಿಸಿ, ಎಲ್ಲ ದಾಖಲೆಯಲ್ಲೂ ಅದನ್ನೇ ಬರೆಸಿ ಎಂದೆ. ಅಷ್ಟು ಸಾಕು ಆ ವಿಷಯಕ್ಕೆ.

ಅಲ್ಲಿಯವರೆಗೆ ಗಂಡ ಜಾಸ್ತಿ ಮಾತಾಡಿರಲಿಲ್ಲ. ಈ ಹೆಸರು ನಿಮಗೇಕೆ ಬೇಡ ಎಂದು ಕೇಳಿದೆ. ಮಗುವಿನ ಕಾಲುಚೀಲ ಸರಿಮಾಡುತ್ತಾ, "ಹೆಸರು ಇಷ್ಟ ಮೇಡಂ. ಅಪ್ಪನಾಗಿ ಮಗಳ ಹೆಸರನ್ನೇ ತಪ್ಪು ಕರೆದರೆ ಹೇಗೆ? ನಾಳೆ ಅವಳೂ ನಗುತ್ತಾಳೆ" ಅಂದರು. ಹೆಂಡತಿ ಅವರತ್ತ ತಿರುಗಿದರು. "ಇದನ್ನ ಯಾಕೆ ಹೇಳಲೇ ಇಲ್ಲ ನೀವು?"

ನಾನು ಹೆಂಡತಿಗೆ ಹೇಳಿದ್ದು ಇದು. 'ಇಲಾ' ಬೇರೆ ಹೆಸರಲ್ಲ. ಋಗ್ವೇದದಲ್ಲಿ ಇಳಾ, ಪುರಾಣಗಳಲ್ಲಿ ಪುರೂರವನ ತಾಯಿ ಇಲಾ. ನಮ್ಮ 'ಇಳೆ' ಕೂಡ ಅದೇ ಮಾತು. ಅಪ್ಪ 'ಇಲಾ' ಎಂದರೆ ಮಗಳ ಹೆಸರು ಕೆಡುವುದಿಲ್ಲ. ನಾಲ್ಕು ಜನರ ಮುಂದೆ ತಿದ್ದಬೇಡಿ. ತಿದ್ದಲೇಬೇಕಾದರೆ ಮನೆಯಲ್ಲಿ, ಅವರೇ ಕೇಳಿದಾಗ. ಹೊರಗಿನವರನ್ನು ಒಂದು ಸಲ ನಗುಮುಖದಿಂದ ತಿದ್ದಿ, ಅಲ್ಲಿಗೆ ಬಿಡಿ. ಮಗು ಪಕ್ಕದಲ್ಲಿ ನಿಂತು ನಿಮ್ಮ ಮುಖ ನೋಡುತ್ತಿರುತ್ತದೆ. ನೀವು ಮುಜುಗರಪಟ್ಟರೆ ತನ್ನ ಹೆಸರು ಮುಜುಗರದ್ದು ಎಂದೇ ಅದು ಕಲಿಯುತ್ತದೆ.

ಗಂಡನಿಗೆ ನಾಲಿಗೆಯ ಪಾಠ. 'ಡ' ಅನ್ನುವಾಗ ನಾಲಿಗೆಯ ತುದಿ ಹಿಂದಕ್ಕೆ ಮಡಿಚಿ ಅಂಗುಳಕ್ಕೆ ತಾಗುತ್ತದೆ ಅಲ್ವಾ? ತುದಿ ಅಲ್ಲೇ ಇರಲಿ, ಎರಡು ಪಕ್ಕದಿಂದ ಗಾಳಿ ಬಿಡಿ. ಹಿಂದಿಯವರಿಗೆ 'ಡ' ಹೊಸದಲ್ಲ, ಅರ್ಧ ದಾರಿ ಆಗಲೇ ಬಂದಿದ್ದೀರಿ ಎಂದೆ. ಅಲ್ಲೇ ನಾಲ್ಕೈದು ಸಲ ಪ್ರಯತ್ನಿಸಿದರು. ಹೆಂಡತಿ ತುಟಿ ಬಿಗಿಹಿಡಿದು ಸುಮ್ನೆ ಕೂತಿದ್ದರು. ಆ ಸುಮ್ಮನಿರುವಿಕೆ ಅವರಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಕಾಣುತ್ತಿತ್ತು, ಮೆಚ್ಚುಗೆಯಾಯಿತು.

ಎರಡು ವಾರ ಹೆಸರು ದಾಖಲಿಸಬೇಡಿ, ದಿನಾ ಅದೇ ಹೆಸರಿನಿಂದ ಕರೆಯಿರಿ, ಆಮೇಲೂ ಇಬ್ಬರಿಗೂ ಬೇಕೆನಿಸಿದರೆ ಮಾತ್ರ ಬರೆಸಿ ಎಂದು ಕಳಿಸಿದೆ.

ಮೂರನೇ ವಾರ ಬಂದರು. ಹೆಸರು ಬರೆಸಿಯಾಗಿತ್ತು. ಗಂಡನ ತಾಯಿಯೂ ಫೋನಿನಲ್ಲಿ ಅಭ್ಯಾಸ ಮಾಡುತ್ತಿದ್ದಾರಂತೆ, ಒತ್ತಿ ಒತ್ತಿ 'ಇಳ್ಳಾ' ಅನ್ನುತ್ತಾರಂತೆ. "ನಾನು ತಿದ್ದಲಿಲ್ಲ ಮೇಡಂ" ಅಂದರು ಹೆಂಡತಿ.