ದೇವರಿಗೆ ದೀಪ ಹಚ್ಚುವುದನ್ನು ಬಿಟ್ಟಿದ್ದೇನೆ

ನಾಲ್ಕು ವರ್ಷದ ಮಗನಿಗೆ ಥಲಸ್ಸೀಮಿಯಾ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುತ್ತೇವೆ. ‘ಪೂರ್ವಜನ್ಮದ ಕರ್ಮ, ಅನುಭವಿಸಬೇಕು’ ಅನ್ನುತ್ತಾರೆ ಅತ್ತೆ. ದಿನಾ ಗೀತೆ ಓದುವವರು. ಅಂಥ ದೇವರೇ ಬೇಡ ಅನ್ನಿಸಿ ದೀಪ ಹಚ್ಚುವುದನ್ನೂ ಬಿಟ್ಟೆ. ಈಗ ಒಂಬತ್ತು ವರ್ಷದ ಮಗಳು, ‘ದೇವರಿಲ್ಲ ಅಂದ್ರೆ ಸುಳ್ಳು ಯಾಕೆ ಹೇಳಬಾರದು?’ ಅಂತಾಳೆ. ಸೂಜಿ ಚುಚ್ಚಿದ ತಮ್ಮನ ಕೈಗೆ ಅಜ್ಜಿಯ ಹಾಗೇ ‘ಹೋಯ್ತು, ಹೋಯ್ತು’ ಅಂತ ಊದುವ ಹುಡುಗಿ. ನನ್ನಿಂದ ದಾರಿ ತಪ್ಪಿಬಿಟ್ಟರೆ?
– ಹೆಸರು ಬೇಡ, ಶಿವಮೊಗ್ಗ

ಅಪ್ಪ, ಅಮ್ಮ ಇಬ್ಬರೂ ವಾಹಕರಾಗಿದ್ದರೆ (ತಮಗೆ ಕಾಯಿಲೆಯಿಲ್ಲದೆ ಅದರ ಜೀನ್ ಮಾತ್ರ ಹೊತ್ತಿದ್ದರೆ) ಪ್ರತಿ ಬಸಿರಿನಲ್ಲೂ ಈ ಕಾಯಿಲೆಯ ಸಾಧ್ಯತೆ ಶೇ 25. ನಿಮ್ಮಿಬ್ಬರಿಗೂ ಅದು ಗೊತ್ತಿರಲಿಲ್ಲ. ಮಗುವಂತೂ ಏನನ್ನೂ ಆರಿಸಿಕೊಂಡು ಹುಟ್ಟಲಿಲ್ಲ. ಕರ್ಮದ ಮಾತು ನಮ್ಮ ನಮ್ಮ ಕೈಗೆ ಎಚ್ಚರಿಕೆಯಾಗಿದ್ದರೆ ಸರಿ. ಹಾಸಿಗೆಯಲ್ಲಿರುವ ಕೂಸಿನ ಮೇಲೆ ಅದನ್ನೇ ತೀರ್ಪು ಮಾಡುವುದು ಕ್ರೌರ್ಯ. ಅತ್ತೆಗೆ ಅವರ ಭಾಷೆಯಲ್ಲೇ ಹೇಳಿ: ಅಷ್ಟೆಲ್ಲ ಉಪದೇಶ ಮಾಡಿದ ಕೃಷ್ಣ ಕೊನೆಗೆ ಹದಿನೆಂಟನೇ ಅಧ್ಯಾಯದಲ್ಲಿ, ಪೂರ್ತಿ ವಿಚಾರ ಮಾಡಿ ನಿನಗಿಷ್ಟ ಬಂದಂತೆ ಮಾಡು ಅನ್ನುತ್ತಾನೆ. ಎಲ್ಲವೂ ಮೊದಲೇ ಬರೆದಿಟ್ಟಿದ್ದರೆ ಆ ಮಾತು ಯಾಕೆ ಬೇಕಿತ್ತು?

ಆದರೆ ಒಂದು ವಿಷಯ ನಿಮ್ಮ ಕಣ್ಣಿಗೆ ಬಿದ್ದ ಹಾಗಿಲ್ಲ. ಕರ್ಮ ಅನ್ನುವ ಬಾಯೇ ಮೊಮ್ಮಗನ ಕೈಗೆ ಊದುವುದು. ಮಗಳು ಕಲಿತದ್ದು ಅವರು ಹೇಳಿದ್ದನ್ನಲ್ಲ, ಮಾಡಿದ್ದನ್ನು. ಆಸ್ತಿಕರ ಮನೆಯಲ್ಲಾದರೂ ಮಕ್ಕಳು ಕಲಿಯುವುದು ಹಾಗೇ. ಹಾಗಾಗಿ ಅಜ್ಜಿಯಿಂದ ಅವಳನ್ನು ದೂರ ಇಡಬೇಡಿ. ದೀಪ ಅವರೇ ಹಚ್ಚಲಿ.

ಅವಳ ಪ್ರಶ್ನೆಗೆ ದೊಡ್ಡ ಉತ್ತರ ಹುಡುಕಬೇಡಿ. ‘ದೇವರ ವಿಷಯ ಅಮ್ಮನಿಗೆ ಗೊತ್ತಿಲ್ಲ ಪುಟ್ಟಾ. ಆದರೆ ಇವತ್ತು ಸುಳ್ಳು ಹೇಳಿದರೆ ನಾಳೆ ನಿನ್ನ ನಿಜವನ್ನೂ ನಂಬೋದು ನನಗೆ ಕಷ್ಟ’ ಅನ್ನಿ, ಸಾಕು.

ಇನ್ನೊಂದು ಮಾತು, ನೀವು ಕೇಳಿಲ್ಲ. ಅಸ್ಥಿಮಜ್ಜೆ ಕಸಿಯ ಬಗ್ಗೆ ವೈದ್ಯರನ್ನು ವಿಚಾರಿಸಿದ್ದೀರಾ? ಒಡಹುಟ್ಟಿದವರ ಎಚ್‌ಎಲ್‌ಎ (ಕಸಿಗೆ ಹೊಂದಬೇಕಾದ ಜೀವಕೋಶಗಳ ಗುರುತು) ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದಿದರೆ ಮಗಳೇ ಮಜ್ಜೆ ಕೊಡಬಹುದು. ಪರೀಕ್ಷೆಗೆ ಮೊದಲೇ ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿ, ಸೂಜಿಯ ನೋವನ್ನೂ ಸೇರಿಸಿ. ‘ದೇವರು ಮೆಚ್ಚುತ್ತಾನೆ’ ಅಂತ ಅಜ್ಜಿ, ‘ತಮ್ಮನಿಗೆ ಇಷ್ಟೂ ಮಾಡಲ್ವಾ’ ಅಂತ ನೀವು, ಇಬ್ಬರೂ ಪುಸಲಾಯಿಸಬೇಡಿ. ಬೇಡ ಅಂದರೆ ಗದರದೆ, ಯಾಕೆ ಅಂತ ಕೇಳಿ.