ಶ್ವಾಸಕೋಶದ ಕ್ಯಾನ್ಸರ್: ಕೀಹೋಲ್ ಮಾಡಿಸೋದಾ, ಓಪನ್ ಮಾಡಿಸೋದಾ?

ನಿಮ್ಮ ಅಪ್ಪನಿಗೆ 63 ವರ್ಷ, ಬಲಗಡೆ ಶ್ವಾಸಕೋಶದ ಮೇಲ್ಭಾಗದಲ್ಲಿ 3 ಸೆಂಟಿಮೀಟರ್ ಗಡ್ಡೆ, ಒಬ್ಬ ಡಾಕ್ಟರ್ ಓಪನ್ ಆಪರೇಷನ್ ಅಂದರು, ಇನ್ನೊಬ್ಬರು ಕೀಹೋಲ್ ಅಂದರು, ಯಾರನ್ನು ನಂಬೋದು ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಆದರೆ ನಮ್ಮ ಮನೆಯಲ್ಲಿ ಎರಡೂ ಆಗಿವೆ. ಚಿಕ್ಕಮ್ಮನಿಗೆ ಕೀಹೋಲ್, ಅಪ್ಪನಿಗೆ ಓಪನ್. ಅಪ್ಪನದೂ ಶುರುವಾಗಿದ್ದು ಕೀಹೋಲ್ ಅಂತಲೇ. ಆ ಕಥೆ ಆಮೇಲೆ.

ಒಳಗಿನ ಕೆಲಸ ಎರಡರಲ್ಲೂ ಒಂದೇ. ಬಲ ಶ್ವಾಸಕೋಶಕ್ಕೆ ಮೂರು ಲೋಬ್, ಅಂದರೆ ಭಾಗ, ಎಡಕ್ಕೆ ಎರಡು. ಸಾಮಾನ್ಯವಾಗಿ ಗಡ್ಡೆ ಇರುವ ಲೋಬನ್ನು ಪೂರ್ತಿ ತೆಗೆಯುತ್ತಾರೆ, ಜೊತೆಗೆ ಲಿಂಫ್ ಗ್ರಂಥಿಗಳನ್ನೂ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಬೇರೆ ಆಗುವುದು ಒಳಗೆ ಹೋಗುವ ದಾರಿ. ಓಪನ್‌ನಲ್ಲಿ ಪಕ್ಕೆಯನ್ನು ಗೇಣುದ್ದ ಕೊಯ್ದು, ಎರಡು ಪಕ್ಕೆಲುಬಿನ ನಡುವೆ ಸ್ಟೀಲಿನ ಸಲಕರಣೆ ಇಟ್ಟು ಅಗಲಿಸುತ್ತಾರೆ. ಪ್ರತಿ ಪಕ್ಕೆಲುಬಿನ ಕೆಳಗಂಚಿನಲ್ಲಿ ಒಂದು ನರ ಇದೆ. ಅಗಲಿಸುವಾಗ ಅದಕ್ಕೆ ಪೆಟ್ಟು ಬೀಳುತ್ತದೆ. ತಿಂಗಳುಗಟ್ಟಲೆ ಕಾಡುವ ನೋವು ಹೆಚ್ಚಾಗಿ ಅಲ್ಲಿಂದಲೇ. ಕೀಹೋಲ್‌ನಲ್ಲಿ, ಅಂದರೆ ಡಾಕ್ಟರುಗಳು ವ್ಯಾಟ್ಸ್ ಅನ್ನುವುದರಲ್ಲಿ, ಕೆಲವು ಸಣ್ಣ ತೂತು, ಒಂದರಲ್ಲಿ ಕ್ಯಾಮೆರಾ. ಎಲುಬು ಅಗಲಿಸುವುದಿಲ್ಲ. ಲೋಬನ್ನು ಚೀಲಕ್ಕೆ ಹಾಕಿ ನಾಲ್ಕೈದು ಸೆಂಟಿಮೀಟರ್ ಗಾಯದಿಂದಲೇ ಈಚೆಗೆ ಎಳೆಯುತ್ತಾರೆ. ಅಷ್ಟು ಸಣ್ಣ ಗಾಯದಲ್ಲಿ ಹೇಗೆ ಬರುತ್ತೆ ಅಂತ ನನಗೂ ಆಶ್ಚರ್ಯ ಆಗಿತ್ತು. ಗಾಳಿ ಹೋದರೆ ಅದು ಸ್ಪಂಜಿನ ಹಾಗೆ ಮುದುಡುತ್ತದಂತೆ. ರೋಬೋಟ್ ಆಪರೇಷನ್ ಅಂದರೆ ಗಾಬರಿ ಬೇಡ, ಅದೂ ಕೀಹೋಲ್‌ನ ದಾಯಾದಿಯೇ.

ಸಣ್ಣ ಗಾಯ ಅಂದರೆ ಕ್ಯಾನ್ಸರ್ ಅರ್ಧ ಒಳಗೇ ಉಳಿಯಲ್ವಾ ಅನ್ನೋದು ನಿಮ್ಮ ಭಯ. ಬ್ರಿಟನ್ನಿನಲ್ಲಿ ವಯಲೆಟ್ ಅನ್ನುವ ಅಧ್ಯಯನ ಮಾಡಿ 2022ರಲ್ಲಿ ಪ್ರಕಟಿಸಿದ್ದಾರೆ. 503 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನೋಡಿದರು. ಐದು ವಾರದ ಹೊತ್ತಿಗೆ ಕೀಹೋಲ್‌ನವರು ಓಡಾಟದಲ್ಲಿ ಮುಂದಿದ್ದರು. ಆಸ್ಪತ್ರೆ ವಾಸ 5 ದಿನದ ಬದಲು 4. ಕ್ಯಾನ್ಸರ್ ತೆಗೆಯುವುದರಲ್ಲೂ ಕೀಹೋಲ್ ಹಿಂದೆ ಬೀಳಲಿಲ್ಲ. ಇದು ಆರಂಭದ ಹಂತದ ಗಡ್ಡೆಗಳ ಮಾತು, ನೆನಪಿರಲಿ. ಗಡ್ಡೆ ದೊಡ್ಡದಿದ್ದರೆ, ದೊಡ್ಡ ರಕ್ತನಾಳಕ್ಕೋ ಎದೆಗೋಡೆಗೋ ತಾಗಿದ್ದರೆ ಓಪನ್ನೇ ವಾಸಿ ಅನ್ನಬಹುದು.

ಚಿಕ್ಕಮ್ಮ ಐದನೇ ದಿನಕ್ಕೆ ಮನೆಗೆ ಬಂದರು. ಮೂರನೇ ವಾರ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯೋಕೆ ಹೊರಟಿದ್ದರು, ಬೈದು ಎಬ್ಬಿಸಿದೆವು.

ಅಪ್ಪನಿಗೆ ಚಿಕ್ಕವರಿದ್ದಾಗ ಟಿಬಿ ಬಂದು ಹೋಗಿತ್ತು. ಅದರಿಂದ ಶ್ವಾಸಕೋಶ ಪಕ್ಕೆಯ ಒಳಗೋಡೆಗೆ ಹಲಸಿನ ಮೇಣದ ಹಾಗೆ ಅಂಟಿಕೊಂಡಿತ್ತು. ಕ್ಯಾಮೆರಾ ಆಡಿಸೋಕೆ ಜಾಗ ಇಲ್ಲ, ಬಿಡಿಸೋಕೆ ಹೋದರೆ ರಕ್ತ. ಅರ್ಧದಲ್ಲಿ ಓಪನ್‌ಗೆ ಹೋದರು. ಹೊರಗೆ ಬೆಂಚಿನ ಮೇಲಿದ್ದ ನಮಗೆ ಒಬ್ಬ ಸಿಸ್ಟರ್ ಬಂದು "ಓಪನ್ ಮಾಡ್ತಿದ್ದಾರೆ" ಅಂದು ಹೋದರು. ಅಷ್ಟೇ. ಅಮ್ಮ ಅಲ್ಲೇ ಕುಸಿದು ಕೂತರು, ಕೇಸ್ ಕೈತಪ್ಪಿತು ಅಂದುಕೊಂಡು. ಹೀಗಾಗಬಹುದು ಅಂತ ಆ ಆಸ್ಪತ್ರೆಯಲ್ಲಿ ಮೊದಲೇ ಒಂದು ಮಾತು ಯಾರೂ ಹೇಳಿರಲಿಲ್ಲ, ಆ ಸಿಟ್ಟು ನನಗೆ ಇನ್ನೂ ಇದೆ. ಆದರೆ ಓಪನ್ ಮಾಡಿದ್ದು ತಪ್ಪಲ್ಲ. ಅಪ್ಪ ಉಳಿದಿದ್ದೇ ಅದರಿಂದ. ಆ ವರ್ಷದ ಕೊಯ್ಲಿನಲ್ಲಿ ಅವರಿಗೆ ದೋಟಿ ಎತ್ತೋಕೆ ಆಗಲಿಲ್ಲ, ಬಲಗೈ ಭುಜದ ಮೇಲೆ ಹೋಗುತ್ತಿರಲಿಲ್ಲ. ಅಂಗಿ ತಾಗಿದರೂ ಪಕ್ಕೆ ಉರಿ. ಈಗ ಮಳೆಗಾಲದಲ್ಲಿ ಮಾತ್ರ ಸ್ವಲ್ಪ ಸೆಳೆತ.

ಹಾಗಾಗಿ "ಯಾವುದು ಒಳ್ಳೇದು" ಅಂತ ಕೇಳಬೇಡಿ. ಓಪನ್ ಅಂದವರಿಗೆ "ಯಾಕೆ" ಅಂತ ಕೇಳಿ. ಗಡ್ಡೆಯ ಜಾಗ ಕಾರಣ ಅಂದರೆ ಅದು ಸರಿಯಾದ ಕಾರಣ. ನಮ್ಮಲ್ಲಿ ಕೀಹೋಲ್ ಮಾಡಲ್ಲ ಅನ್ನೋದೇ ಕಾರಣ ಆದರೆ ರಿಪೋರ್ಟು ತಗೊಂಡು ಇನ್ನೊಂದು ಕಡೆ ತೋರಿಸಿ. ಕೀಹೋಲ್ ಅಂದವರಿಗೆ ಇಂಥವು ವರ್ಷಕ್ಕೆ ಎಷ್ಟು ಮಾಡ್ತೀರಿ, ಎಷ್ಟರಲ್ಲಿ ಓಪನ್‌ಗೆ ಹೋಗಬೇಕಾಯ್ತು ಅಂತ ಕೇಳಿ. ಹಳೇ ಟಿಬಿ ಇದ್ದರೆ ಮರೆಯದೆ ಹೇಳಿ. ನಾಚಿಕೆಗೆ ಮುಚ್ಚಿಡುವವರು ನಮ್ಮ ಕಡೆ ಜಾಸ್ತಿ.

ದುಡ್ಡಿನ ವಿಷಯಕ್ಕೆ, ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಯಾವ ಆಪರೇಷನ್ ಅದರಲ್ಲಿ ಬರುತ್ತದೆ, ರೆಫರಲ್ ಚೀಟಿ ಬೇಕಾ ಅಂತ ಅಡ್ಮಿಟ್ ಆಗುವ ಮೊದಲೇ ವಿಚಾರಿಸಿ.

ಬೀಡಿ ಸೇದುತ್ತಾರೆ ಅಂತ ಬರೆದಿದ್ದೀರಿ. ಇವತ್ತೇ ಬಿಡಿಸಿ. 1933ರಲ್ಲಿ ಕ್ಯಾನ್ಸರ್ ಬಂದ ಇಡೀ ಶ್ವಾಸಕೋಶವನ್ನು ಒಂದೇ ಸಲಕ್ಕೆ ತೆಗೆದು ರೋಗಿಯನ್ನು ಉಳಿಸಿದ ಅಮೆರಿಕದ ಸರ್ಜನ್ ಎವಾರ್ಟ್ಸ್ ಗ್ರಹಾಂ ಸ್ವತಃ ಸಿಗರೇಟು ಸೇದುತ್ತಿದ್ದವರು, 1957ರಲ್ಲಿ ಅದೇ ಕಾಯಿಲೆಯಿಂದ ತೀರಿಕೊಂಡರು. ಅವರ ರೋಗಿ ಆಮೇಲೂ ಬದುಕಿದ್ದರು. ಉಸಿರಾಟದ ಅಭ್ಯಾಸಕ್ಕೆ ಮೆಡಿಕಲ್‌ನಲ್ಲಿ ಮೂರು ಗುಂಡಿನ ಪ್ಲಾಸ್ಟಿಕ್ ಸ್ಪೈರೋಮೀಟರ್ ಸಿಗುತ್ತದೆ. ಡಾಕ್ಟರ್ ಸರಿ ಅಂದರೆ ಈಗಿನಿಂದಲೇ ಉಸಿರು ಎಳೆದು ಅಭ್ಯಾಸ ಮಾಡಲಿ. ನಮ್ಮಪ್ಪನಿಗೆ ಮೊದಲ ದಿನ ಒಂದು ಗುಂಡೂ ಮೇಲೇಳಲಿಲ್ಲ.