ಅಬ್ಸಾರ್ಬೆನ್ಸ್ ಇಳಿದರೆ ಇಂಟರ್‌ಕಲೇಶನ್ ಅಂತ ಬರೆಯಬಹುದಾ?

ತಾಮ್ರ-ಫಿನಾಂತ್ರೊಲಿನ್ ಕಾಂಪ್ಲೆಕ್ಸ್‌ಗೆ (ತಾಮ್ರಕ್ಕೆ ಫಿನಾಂತ್ರೊಲಿನ್ ಎಂಬ ಚಪ್ಪಟೆ ಅಣು ಅಂಟಿದ ಸಂಯುಕ್ತ) ಡಿಎನ್‌ಎ ಹಾಕುತ್ತಾ ಹೋದಂತೆ ಅಬ್ಸಾರ್ಬೆನ್ಸ್, ಅಂದರೆ ಬೆಳಕು ಹೀರುವ ಪ್ರಮಾಣ, ಇಳಿಯಿತು, ಪೀಕ್ 2 ನ್ಯಾನೋಮೀಟರ್ ಸರಿಯಿತು, ಇಷ್ಟಕ್ಕೇ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಇಂಟರ್‌ಕಲೇಶನ್ (ಡಿಎನ್‌ಎಯ ಒಳಗೆ ನುಗ್ಗಿ ಕೂರುವುದು) ಅಂತ ಬರೆಯಬಹುದಾ ಎಂದು ಕೇಳಿದ್ದೀರಿ. ಬರೆಯಬೇಡಿ. ಡಿಎನ್‌ಎಗೆ ಅಂಟುತ್ತದೆ ಅನ್ನುವುದಕ್ಕೂ ಇನ್ನೊಂದು ಲೆಕ್ಕ ಬೇಕು.

ಮೈಸೂರಿನಲ್ಲಿ ಎಂಎಸ್ಸಿ ಮಾಡುವಾಗ ನಾನೂ ಹಾಗೇ ಬರೆದಿದ್ದೆ. ವೈವಾಕ್ಕೆ ಹೊರಗಿನಿಂದ ಬಂದಿದ್ದ ಮೇಷ್ಟ್ರು ಒಂದೇ ಪ್ರಶ್ನೆ ಕೇಳಿದರು: "ಡಿಎನ್‌ಎ ಬದಲು ಬರೀ ಬಫರ್ ಹಾಕಿದ್ದರೆ ಎಷ್ಟು ಇಳಿಯುತ್ತಿತ್ತಮ್ಮ?" ನಾನು ನೋಡಿಯೇ ಇರಲಿಲ್ಲ. ಸಂಜೆ ಮಂಡ್ಯಕ್ಕೆ ವಾಪಸ್ ಬರುವಾಗ ಟ್ರೈನಿನಲ್ಲೇ ಲೆಕ್ಕ ಹಾಕಿದೆ. 3 ಮಿಲಿಲೀಟರ್ ದ್ರಾವಣಕ್ಕೆ ಒಟ್ಟು 300 ಮೈಕ್ರೋಲೀಟರ್ ಸೇರಿಸಿದ್ದೆ. ದ್ರಾವಣ ತೆಳುವಾಗಿ ಅಷ್ಟಕ್ಕೇ ಸುಮಾರು 9% ಇಳಿಯಬೇಕು! ನನ್ನ ಇಳಿಕೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ ಆಗಿತ್ತು. ಹಾಗಾಗಿ ಮೊದಲು ಈ ತಿದ್ದುಪಡಿ ಮಾಡಿ. ರೆಫರೆನ್ಸ್ ಕ್ಯುವೆಟ್‌ಗೂ (ಹೋಲಿಕೆಗೆ ಇಡುವ ಪುಟ್ಟ ಪಾತ್ರೆ) ಅಷ್ಟೇ ಡಿಎನ್‌ಎ ಹಾಕಿ, ಯಾಕೆಂದರೆ 260 ನ್ಯಾನೋಮೀಟರ್ ಸುತ್ತ ಡಿಎನ್‌ಎ ತಾನೇ ಬೆಳಕು ಹೀರುತ್ತದೆ. ದ್ರಾವಣ ಸ್ವಲ್ಪ ಮಬ್ಬಾದರೂ ಆ ರೀಡಿಂಗ್ ಬಿಟ್ಟುಬಿಡಿ.

ಇಷ್ಟಾದ ಮೇಲೂ ಇಳಿಕೆ ಉಳಿದರೆ ಕಾಂಪ್ಲೆಕ್ಸ್ ಅಂಟುತ್ತಿದೆ ಅನ್ನಿ. ಆದರೆ ಅಂಟುವ ದಾರಿ ಒಂದೇ ಅಲ್ಲ. ಕ್ಯಾನ್ಸರ್ ಔಷಧಿ ಸಿಸ್‌ಪ್ಲಾಟಿನ್ ತನ್ನ ಕ್ಲೋರೈಡ್ ಕಳೆದುಕೊಂಡು, ಹೆಚ್ಚಾಗಿ ಡಿಎನ್‌ಎಯ ಒಂದು ಬೇಸ್ ಆದ ಗ್ವಾನೀನ್‌ನ ಎನ್7 ನೈಟ್ರೋಜನ್‌ಗೆ ನೇರ ಬಾಂಡ್ ಮಾಡಿಕೊಳ್ಳುತ್ತದೆ. ಕೆಲವು ಕಾಂಪ್ಲೆಕ್ಸ್‌ಗಳು ಡಿಎನ್‌ಎ ಸುರುಳಿಯ ಹೊರಗಿನ ಕಾಲುವೆಯಲ್ಲಿ, ಅಂದರೆ ಗ್ರೂವ್‌ನಲ್ಲಿ ಕೂರುತ್ತವೆ. ಇನ್ನು ಕೆಲವನ್ನು ಫಾಸ್ಫೇಟ್‌ನ ಋಣ ಚಾರ್ಜ್ ಹಿಡಿದುಕೊಂಡಿರುತ್ತದೆ, ಅಷ್ಟೇ. ಇವುಗಳಿಂದಲೂ ಅಬ್ಸಾರ್ಬೆನ್ಸ್ ಬದಲಾಗಬಹುದು.

ಇಂಟರ್‌ಕಲೇಶನ್ ಎಂದರೆ ಬೇಸ್ ಜೋಡಿಗಳ ನಡುವೆ ಚಪ್ಪಟೆ ಲಿಗ್ಯಾಂಡ್ (ಲೋಹಕ್ಕೆ ಅಂಟಿದ ಅಣು) ನುಗ್ಗಿ ಕೂರುವುದು. ಚಿಕ್ಕವರಿದ್ದಾಗ ಪುಸ್ತಕದ ಹಾಳೆಗಳ ನಡುವೆ ನವಿಲುಗರಿ ಇಡುತ್ತಿದ್ದೆವಲ್ಲ, ಹಾಗೆ. ನಾಲ್ಕಾರು ಗರಿ ಇಟ್ಟರೆ ಪುಸ್ತಕವೇ ಉಬ್ಬುತ್ತದೆ. ಡಿಎನ್‌ಎಯಲ್ಲಿ ಎರಡು ಜೋಡಿಗಳ ನಡುವಿನ ದೂರ 3.4 ಆಂಗ್‌ಸ್ಟ್ರಾಮ್. ಒಂದು ಲಿಗ್ಯಾಂಡ್ ನುಗ್ಗಿದರೆ ಅಲ್ಲಿ ಹೆಚ್ಚುಕಡಿಮೆ ಅಷ್ಟೇ ಜಾಗ ಮತ್ತೆ ತೆರೆದುಕೊಳ್ಳಬೇಕು. ಎಳೆ ಉದ್ದವಾಗುತ್ತದೆ, ಬಿಗಿಯಾಗುತ್ತದೆ, ದ್ರಾವಣದ ಸ್ನಿಗ್ಧತೆ, ಅಂದರೆ ಹರಿಯಲು ತೋರುವ ತಡೆ, ಏರುತ್ತದೆ.

ಅದಕ್ಕೇ ಸ್ನಿಗ್ಧತೆ ಅಳೆಯುವ ವಿಸ್ಕಾಮೀಟರ್ ಹಿಡಿಯಿರಿ ಅನ್ನುತ್ತಿದ್ದೇನೆ. ರುಥೇನಿಯಮ್‌ಗೆ ಮೂರು ಫಿನಾಂತ್ರೊಲಿನ್ ಸೇರಿದ ಕಾಂಪ್ಲೆಕ್ಸ್ ಭಾಗಶಃ ಇಂಟರ್‌ಕಲೇಟ್ ಆಗುತ್ತದೆ ಎಂದು ತುಂಬ ಜನ ನಂಬಿದ್ದರು. 1992ರಲ್ಲಿ ಸ್ನಿಗ್ಧತೆ ಅಳೆದು ನೋಡಿದಾಗ ಅದು ಏರಲೇ ಇಲ್ಲ. ಫಿನಾಂತ್ರೊಲಿನ್ ಇದೆ ಅಂದಮಾತ್ರಕ್ಕೆ ನುಗ್ಗಿಯೇ ನುಗ್ಗುತ್ತದೆ ಅನ್ನಲಾಗದು, ಅಲ್ವಾ?

ದುಬಾರಿ ಯಂತ್ರ ಏನೂ ಬೇಡ. ಗಾಜಿನ ವಿಸ್ಕಾಮೀಟರ್, 30 ಡಿಗ್ರಿಯಲ್ಲಿ ಅಲುಗಾಡದೆ ನಿಲ್ಲುವ ವಾಟರ್ ಬಾತ್, ಸ್ಟಾಪ್‌ವಾಚ್ ಸಾಕು. ಡಿಎನ್‌ಎಯನ್ನು ಸೋನಿಕೇಟ್ ಮಾಡಿ, ಅಂದರೆ ಶಬ್ದದ ಅಲೆಗಳಿಂದ, ತುಂಡಾಗಿಸಿ, ಉದ್ದ ಎಳೆ ಮುದುಡಿಕೊಂಡು ಲೆಕ್ಕ ಕೆಡಿಸುತ್ತದೆ. ಪ್ರತಿ ರೀಡಿಂಗ್ ಮೂರು ಸಲ ತೆಗೆಯಿರಿ. ನಿಮ್ಮದು ತಾಮ್ರ-ಫಿನಾಂತ್ರೊಲಿನ್ ಆದ್ದರಿಂದ ಆಸ್ಕಾರ್ಬಿಕ್ ಆಸಿಡ್‌ನಂಥದ್ದು ಹತ್ತಿರ ಸುಳಿಯದಿರಲಿ. ಅದು ಸೇರಿದರೆ ಕಾಂಪ್ಲೆಕ್ಸ್ ಡಿಎನ್‌ಎಯನ್ನೇ ಕತ್ತರಿಸುತ್ತದೆ, ಸ್ನಿಗ್ಧತೆ ಕುಸಿಯುತ್ತದೆ. ಸ್ನಿಗ್ಧತೆಯ ಗ್ರಾಫ್‌ನಲ್ಲಿ ನಿಮ್ಮದರ ಜೊತೆಗೆ ಎಥಿಡಿಯಂ ಬ್ರೋಮೈಡ್‌ನದೂ ಒಂದು ಗೆರೆ ಎಳೆಯಿರಿ, ಕೈಗವಸು ಹಾಕಿಕೊಂಡೇ. ಅದು ನಿಜವಾದ ಇಂಟರ್‌ಕಲೇಟರ್. ನಿಮ್ಮ ಗೆರೆ ಅದರ ಜೊತೆಗೇ ಏರಿದರೆ ಧೈರ್ಯವಾಗಿ ಬರೆಯಿರಿ. ಏರದಿದ್ದರೆ ಗ್ರೂವ್ ಇರಬಹುದು, ಬರೀ ಚಾರ್ಜ್‌ನ ಹಿಡಿತವೂ ಇರಬಹುದು; ಯಾವುದೆಂದು ತಿಳಿಯಲು ಉಪ್ಪಿನ ಪ್ರಮಾಣ ಬದಲಿಸಿ ಇನ್ನೊಮ್ಮೆ ನೋಡಿ.